ಬೆರಕೆ ಸೊಪ್ಪು ಮತ್ತು ಅಡ್ಮಿನ್ ಮಾವ

ಇವತ್ತಿಗೂ ಯಾರಾದರೂ 'ಬರೀ ಸೊಪ್ಪಿನ ಫೋಟೊ ತಾನೆ' ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅದು ಬರೀ ಸೊಪ್ಪಲ್ಲ, ನನ್ನ ಎಂ.ಎಸ್ಸಿ. ಪ್ರಾಜೆಕ್ಟು. ಎರಡು ಮಳೆಗಾಲ ಮರಳವಾಡಿ ಸುತ್ತಿನ ರಾಗಿ ಹೊಲಗಳಲ್ಲಿ ಸೊಂಟ ಬೀಳುವಷ್ಟು ಬಗ್ಗಿ ಕೂಡಿಸಿದ್ದು. ನಮ್ಮ ಕಡೆ ಹೆಂಗಸರು ಕಳೆ ಕೀಳುತ್ತ ಕೀಳುತ್ತಲೇ ಅಣ್ಣೆ, ಗಣಿಕೆ, ಹೊನಗೊನ್ನೆ, ಕನ್ನೆ, ತುಂಬೆ ಅಂತ ಕೈಗೆ ಸಿಕ್ಕಿದ್ದನ್ನೆಲ್ಲ ಮಡಿಲಿಗೆ ಹಾಕಿಕೊಂಡು ಬಂದು ಬೆರಕೆ ಸೊಪ್ಪಿನ ಸಾರು ಮಾಡುತ್ತಾರೆ. ಆ ಒಂದೊಂದು ಸೊಪ್ಪಿನ ಎಲೆ, ಹೂವು, ಬೀಜದ ಫೋಟೊ. ಅದರ ಊರ ಹೆಸರು. ಯಾವ ಮಳೆಗೆ ಏಳುತ್ತದೆ, ಯಾವುದರ ಜೊತೆ ಬೆರೆಸಬೇಕು, ಬಾಣಂತಿಗೆ ಯಾವುದನ್ನು ಕೊಡಬಾರದು, ಎಲ್ಲವೂ ಅದರಲ್ಲಿತ್ತು.

ಇಷ್ಟನ್ನೂ ಹೇಳಿಕೊಟ್ಟವರು ನನ್ನ ಅತ್ತೆ. ಅವರು ಓದು ಬರಹ ಕಲಿತವರಲ್ಲ. ಆದರೆ ಎರಡೆಲೆ ಮೊಳಕೆ ಕಂಡರೆ ಸಾಕು, ಅದು ಸೊಪ್ಪೋ ಕಳೆಯೋ ಎಂದು ನಿಂತಲ್ಲೇ ಹೇಳುತ್ತಿದ್ದರು. ನಾನು ಪಾಠ ಮಾಡುವ ಶಾಲೆಗೆ ರಜೆ ಇದ್ದ ದಿನ ಅವರ ಹಿಂದೆ ಹೊಲಕ್ಕೆ ಹೋಗುತ್ತಿದ್ದೆ. ಅವರು ಹೇಳುತ್ತಿದ್ದರು, ನಾನು ಮೊಬೈಲಿನಲ್ಲಿ ಫೋಟೊ ತೆಗೆದು ಅವರ ಮಾತನ್ನೂ ರೆಕಾರ್ಡ್ ಮಾಡಿಕೊಳ್ಳುತ್ತಿದ್ದೆ. ನನ್ನದು ಹಳೆಯ ಮೊಬೈಲು, ವಾರಕ್ಕೊಮ್ಮೆ ತುಂಬಿ ಹೋಗುತ್ತಿತ್ತು. ಹಾಗಾಗಿ ಭಾನುವಾರ ಸಂಜೆ ಎಲ್ಲವನ್ನೂ ಮನೆಯ ಕಂಪ್ಯೂಟರಿಗೆ ಸಾಗಿಸಿ, ಮೊಬೈಲನ್ನು ಖಾಲಿ ಮಾಡಿಬಿಡುತ್ತಿದ್ದೆ.

ಆ ಕಂಪ್ಯೂಟರ್ ನಮ್ಮ ಮನೆಗೆ ಸೆಕೆಂಡ್ ಹ್ಯಾಂಡಾಗಿ ಬಂದದ್ದು. ನನ್ನ ಗಂಡ ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟಿಗೆ ಹೋಗುತ್ತಾರೆ. ಅಲ್ಲಿ ಯಾವುದೋ ಆಫೀಸಿನವರು ಹೊಸದು ತಂದು ಹಳೆಯದನ್ನು ಮಾರಿದಾಗ, ಒಂದನ್ನು ಬೆಡ್‌ಶೀಟಿನಲ್ಲಿ ಸುತ್ತಿ ಬೈಕಿನ ಹಿಂದೆ ಕಟ್ಟಿಕೊಂಡು ಬಂದರು. ಒಳಗೆ ಯಾರೋ ಗುಮಾಸ್ತನ ಖಾತೆ ಹಾಗೇ ಇತ್ತು. ಪಾಸ್‌ವರ್ಡು ಕೀಬೋರ್ಡಿನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿತ್ತು. ತೆರೆದರೆ ಆ ಪುಣ್ಯಾತ್ಮ ಮುಡಿ ಕೊಟ್ಟು ಬಂದ ಮೇಲೆ ಹೆಂಡತಿ ಮಕ್ಕಳ ಜೊತೆ ತೆಗೆಸಿಕೊಂಡ ಬೋಳುತಲೆಯ ಫೋಟೊಗಳು! ಮನೆಯಲ್ಲಿ ವಿಜ್ಞಾನದ ಟೀಚರು ನಾನೊಬ್ಬಳೇ ಆದ್ದರಿಂದ ಅದನ್ನೆಲ್ಲ ಒರೆಸಿ ಹಾಕುವ ಕೆಲಸ ನನ್ನ ಪಾಲಿಗೆ ಬಂತು.

ಒರೆಸಿ ನಾಲ್ಕು ಖಾತೆ ಮಾಡಿದೆ. ಮಾವನಿಗೊಂದು, ಗಂಡನಿಗೊಂದು, ಮೈದುನನಿಗೊಂದು, ನನಗೊಂದು. ಯಾರ ಕಡತ ಅವರವರಲ್ಲಿ, ಯಾರ ಬೀಗ ಅವರವರಿಗೆ. ನಾಲ್ಕರಲ್ಲಿ ಒಬ್ಬರು ಅಡ್ಮಿನ್ ಆಗಬೇಕಲ್ಲ? ಯಾರಿಗೆ ಬೇಕಾದರೂ ಖಾತೆ ಕೊಡುವ, ಯಾರದನ್ನು ಬೇಕಾದರೂ ಕಿತ್ತುಹಾಕುವ ಅಧಿಕಾರ ಅವರದು. ನಾನೇ ಆಗುತ್ತೇನೆ ಎಂದೆ. ನನ್ನ ಗಂಡ ತಲೆ ಕೆರೆದುಕೊಂಡರು.

"ಅಪ್ಪನ್ನೇ ಹಾಕು. ಮನೆ ಯಜಮಾನ್ರನ್ನ ಕೆಳಗಿಟ್ಟು ಸೊಸೆ ಅಡ್ಮಿನ್ ಅಂದ್ರೆ ಚೆನ್ನಾಗಿರಾಕಿಲ್ಲ."

ನಗು ಬಂತು. ಆದರೂ ಹಾಕಿದೆ. ಮೊದಲ ಮುದ್ದೆ ಮಾವನ ತಟ್ಟೆಗೆ, ಮನೆಗೆ ಬಂದ ಲಗ್ನಪತ್ರಿಕೆ ಮೊದಲು ಮಾವನ ಕೈಗೆ. ಹಾಗೆಯೇ ಇದೂ ಅಂದುಕೊಂಡೆ. ಮಾವ ಮೌಸ್ ಹಿಡಿದವರಲ್ಲ. ಪಾಸ್‌ವರ್ಡು ಹೇಳಿದರೆ, "ಅದ್ನೆಲ್ಲ ಯಾರವ್ವ ಗ್ಯಾಪ್ನ ಇಟ್ಕಳಾದು, ಸುಮ್ಕೆ ಬುಡು" ಎಂದರು. ಬಿಟ್ಟೆ. ಅವರ ಖಾತೆಗೆ ಪಾಸ್‌ವರ್ಡೇ ಇಡಲಿಲ್ಲ. ಮೂರು ಚಿಲ್ಲರೆ ಬಾಗಿಲಿಗೆ ಬೀಗ ಜಡಿದು, ಹೆಬ್ಬಾಗಿಲನ್ನೇ ತೆರೆದಿಟ್ಟ ಜಾಣೆ ನಾನು.

ಪರದೆಯ ಮೇಲೆ ನಾಲ್ಕು ಹೆಸರು ಸಾಲಾಗಿ ಮೂಡಿದ್ದನ್ನು ಕಂಡು ಮಾವ ಮುಖ ಹುಳ್ಳಗೆ ಮಾಡಿದರು. "ಇದೇನವ್ವ, ಇಷ್ಟುದ್ದ ಪೆಟ್ಟಿಗೆಗೆ ನಾಕು ಪಾಲು? ನಾವು ಅಣ್ತಮ್ದೀರು ಬೇರೆ ಆದಾಗ್ಲೂ ಹಸೂನ ಪಾಲು ಮಾಡ್ನಿಲ್ಲ ಕಣವ್ವ." ಅವರಿಗೆ ಪಾಲು ಎಂದರೆ ಒಲೆ ಬೇರೆಯಾಗುವುದು. ಇದು ಪಾಲಲ್ಲ ಮಾವ, ಒಬ್ಬರದು ಇನ್ನೊಬ್ಬರದಕ್ಕೆ ಬೆರೆಯದಿರಲಿ ಅಂತ ಅಷ್ಟೇ ಎಂದು ವಿವರಿಸಿದೆ. ಅವರು ತಲೆಯಾಡಿಸಿದರು, ಒಪ್ಪಲಿಲ್ಲ.

ಬೆರೆಯುವುದಿರಲಿ, ಜಾಗವೇ ಉಳಿಯಲಿಲ್ಲ. ಮೈದುನ ಆಗ ಮದುವೆಗೆ ಮುಂಚಿನ ಫೋಟೊ ಶೂಟು ಶುರುಮಾಡಿದ್ದ. ವಾರ ವಾರ ಸಾವನದುರ್ಗದ ಬುಡದಲ್ಲಿ ಯಾವುದೋ ಜೋಡಿ, ಬಾಡಿಗೆ ಕೋಟು, ಗಾಳಿಗೆ ಹಾರುವ ಗೌನು. ಆ ವರ ಓಡಿಬಂದು ವಧುವನ್ನು ಎತ್ತಿಕೊಳ್ಳುವುದನ್ನೇ ಹನ್ನೆರಡು ಸಲ ತೆಗೆಯುತ್ತಿದ್ದ, ಹನ್ನೆರಡನ್ನೂ ಇಟ್ಟುಕೊಳ್ಳುತ್ತಿದ್ದ. ಡಿಸ್ಕು ತುಂಬಿದೆ ಎನ್ನುವ ಕೆಂಪು ಗೆರೆ ಬಂತು. ಹಳೆಯದನ್ನು ತೆಗೆಯೋ ಎಂದು ಎಷ್ಟು ಬೈದೆನೋ. "ಅದು ಪಾರ್ಟಿಯೋರ್ದು ಅತ್ಗೆ, ಅಳ್ಸಂಗಿಲ್ಲ" ಎನ್ನುತ್ತಿದ್ದ.

ಸಂಕ್ರಾಂತಿ ಕಳೆದ ಮೇಲೆ ಒಂದು ಶನಿವಾರ ಶಾಲೆಯಿಂದ ಬಂದು ಕಂಪ್ಯೂಟರ್ ಹಾಕಿದರೆ ಒಂದೇ ಹೆಸರು. ಮಾವನದು.

"ನಂದೆಲ್ಲೋ?" ಎಂದೆ. ಮೈದುನ ಕಾಫಿ ಲೋಟದಿಂದ ತಲೆ ಎತ್ತಲೂ ಇಲ್ಲ.

"ಜಾಗ ಸಾಲ್ನಿಲ್ಲ ಅತ್ಗೆ. ಪಾರ್ಟಿಯೋರು ವಿಡಿಯೊ ಕೊಡು ಅಂತ ಕುಂತ್ಬುಟ್ಟಿದ್ರು. ನನ್ ವಿಡಿಯೊನೆಲ್ಲ ಅಪ್ಪನ್ ಖಾತೆಗೆ ಹಾಕಿ, ಮಿಕ್ಕಿದ್ ಮೂರೂ ತಗ್ದೆ. ಅಪ್ಪನ್ನ ಕೇಳೇ ತಗ್ದಿದ್ದು."

ಖಾತೆ ಕಿತ್ತುಹಾಕುವ ಮೊದಲು ಕಂಪ್ಯೂಟರು ಕೇಳುತ್ತದೆ, ಇವರ ಕಡತ ಇಟ್ಟುಕೊಳ್ಳಲೋ ಅಳಿಸಲೋ ಎಂದು. ಯಂತ್ರಕ್ಕಿರುವ ಅಷ್ಟು ಮರ್ಯಾದೆ ಇವನಿಗೆ ಬೇಡವೇ? ಕೇಳಿದೆ. "ನೋಡ್ದೆ ಅತ್ಗೆ. ಬರೀ ಸೊಪ್ಪಿನ್ ಫೋಟೊ ತಾನೆ? ಹೊಲ್ದಲ್ಲಿ ಐತಲ್ಲ, ಇನ್ನೊಂದ್ಸಲ ತಕ್ಕಂಡ್ರಾಯ್ತು" ಎಂದ.

ಆಮೇಲೆ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಎದುರು ಮನೆಯ ಹಸು ಕೂಡ ಮೆಲುಕು ಹಾಕುವುದನ್ನು ನಿಲ್ಲಿಸಿರಬೇಕು. ಹೊಲದಲ್ಲಿದೆಯಂತೆ! ರಾಗಿ ಕೊಯ್ದು ಒಕ್ಕಣೆಯೂ ಮುಗಿದು ನೆಲ ಬಿರುಕು ಬಿಟ್ಟಿತ್ತು. ಪ್ರಾಜೆಕ್ಟು ಒಪ್ಪಿಸಲು ಒಂದೂವರೆ ತಿಂಗಳು ಉಳಿದಿತ್ತು. ಮಳೆ ಬಂದು ಅಣ್ಣೆ ಸೊಪ್ಪು ಏಳಲು ಇನ್ನೂ ಎಷ್ಟು ಕಾಲ ಕಾಯಬೇಕೋ.

ಮಾವ ಜಗಲಿಯಿಂದಲೇ, "ಒಂದ್ ಮನೇಲಿದ್ಮೇಲೆ ನಿಂದು ನಂದು ಏನವ್ವ? ಕೇಳ್ದ, ತೆಗಿ ಅಂದೆ" ಎಂದರು. ನಾಲ್ಕು ಪಾಲು ಒಂದಾಯಿತೆಂಬ ಸಮಾಧಾನ ಅವರ ದನಿಯಲ್ಲಿತ್ತು. ಅವರ ಮೇಲೆ ಕೂಗಾಡುವಂತಿಲ್ಲ, ಅಧಿಕಾರ ಕೊಟ್ಟವಳೇ ನಾನು. ಅಡುಗೆಮನೆಯ ಪಾತ್ರೆಗಳಿಗೆ ಆ ದಿನ ಬಿದ್ದ ಪೆಟ್ಟು ಒಂದೆರಡಲ್ಲ.

ಮಾರನೆಯ ದಿನವೇ ಸಿಪಿಯು ಹೊತ್ತುಕೊಂಡು ಬಸ್ಸಿನಲ್ಲಿ ಕನಕಪುರಕ್ಕೆ ಹೋದೆ. ರಿಪೇರಿ ಅಂಗಡಿಯವನು ಅರ್ಧ ದಿನ ಹುಡುಕಿದ. "ಅಳ್ಸಿದ್ ಕೂಡ್ಲೇ ತಂದಿದ್ರೆ ಒಸಿ ಸಿಗೋದು ಮೇಡಂ. ಆ ಜಾಗ್ದ ಮೇಲೆ ಬೇರೇದು ತುಂಬ್ಬುಟ್ಟವ್ರೆ" ಎಂದ. ಸಿಕ್ಕಿದ್ದು ಗಣಿಕೆ ಹೂವಿನ ಅರ್ಧ ಚಿತ್ರ, ಉಳಿದರ್ಧ ಬೂದಿ ಬಣ್ಣ. ಅದರ ಪಕ್ಕದಲ್ಲೇ ಕೋಟು ಹಾಕಿದ ವರ ಹನ್ನೆರಡು ಸಲ ಓಡಿಬರುತ್ತಿದ್ದ. ಮನೆಗೆ ಬಂದರೆ ನನ್ನ ಗಂಡ, "ಒಂದ್ ಪೆನ್ ಡ್ರೈವ್‌ಗಾದ್ರೂ ಹಾಕಿಡಬಾರ್ದಿತ್ತಾ?" ಎಂದು ಗಾಯದ ಮೇಲೆ ಬರೆ ಎಳೆದರು. ನಿಜವೇ. ನಿಜ ಎಂಬುದಕ್ಕೇ ಇನ್ನಷ್ಟು ಸಿಟ್ಟು ಬಂತು, ಎರಡು ದಿನ ಅವರೊಂದಿಗೆ ಮಾತು ಬಿಟ್ಟೆ.

ಇಷ್ಟಾದರೂ ಅತ್ತೆ ಮಾತ್ರ ಒಂದು ಮಾತೂ ಆಡಿರಲಿಲ್ಲ. ಒಂದು ಮಧ್ಯಾಹ್ನ ಅವರು ಹಿತ್ತಿಲಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಪಕ್ಕದಲ್ಲಿ ಕೂತು ನಾನೂ ಕೈಹಾಕಿದೆ. ಕೈಗಿಂತ ಬಾಯಿಯೇ ಜೋರಾಗಿತ್ತು. ನಿಮ್ಮ ಚಿಕ್ಕ ಮಗ ನನ್ನ ಎರಡು ವರ್ಷ ನುಂಗಿ ನೀರು ಕುಡಿದ, ಈ ಮನೆಯಲ್ಲಿ ನನ್ನ ಕೆಲಸಕ್ಕೆ ಕಾಸಿನ ಕಿಮ್ಮತ್ತಿಲ್ಲ, ನಾನೊಬ್ಬಳು ಮನುಷ್ಯಳು ಅನ್ನುವುದೇ ಯಾರಿಗೂ ಕಾಣುವುದಿಲ್ಲ ಎಂದೆಲ್ಲ.

"ನಾನ್ ಹೇಳಿದ್ದೂ ಹೋಯ್ತಾ?" ಎಂದರು ಅತ್ತೆ.

"ಎಲ್ಲಾ ಹೋಯ್ತು ಅತ್ತೆ. ಮೊದ್ಲು ಗೈಡಿಗೆ ಕಳ್ಸಕ್ಕೆ ಅಂತ ನಾಕು ಹಾಳೆ ಪ್ರಿಂಟ್ ತೆಗ್ದಿದ್ದೆ. ಅದೊಂದೇ ಉಳ್ದಿರೋದು."

"ತಕ್ಕಬಾ. ಓದು, ಕೇಳಾನ."

ತಂದು ಓದಿದೆ. ಅಣ್ಣೆ ಸೊಪ್ಪಿನ ವಿಷಯ ಬಂದಾಗ ಅವರು ಹೂಂ ಎಂದರು. ಗಣಿಕೆಯ ವಿಷಯದಲ್ಲಿ ಒಂದು ತಪ್ಪು ತಿದ್ದಿದರು. ಕೊನೆಯ ಹಾಳೆಗೆ ಬಂದೆ. "ಮಾಹಿತಿ ನೀಡಿದವರು: ಸ್ಥಳೀಯ ಹಿರಿಯ ಮಹಿಳೆ."

"ಅದ್ಯಾರು?"

"ನೀವೇ ಅತ್ತೆ."

ಅವರ ಕೈ ನಿಂತಿತು. ಸುಲಿದ ಕಾಳನ್ನು ಮೊರಕ್ಕೆ ಹಾಕಿ ನನ್ನನ್ನೇ ನೋಡಿದರು. ಮದುವೆಯಾಗಿ ಬಂದಂದಿನಿಂದ ಅವರು ನನ್ನ ಮೇಲೆ ಸಿಟ್ಟಾದದ್ದನ್ನು ನಾನು ಕಂಡಿರಲಿಲ್ಲ.

"ನಂಗೊಂದ್ ಹೆಸ್ರಿಲ್ವೇನವ್ವ? ಎಲ್ಡು ವರ್ಸ ಬಿಸ್ಲಲ್ಲಿ ಕುಂತು ಒಂದೊಂದ್ ಸೊಪ್ಗೂ ಹೆಸ್ರು ಹೇಳ್ಕೊಟ್ಟೆ. ಅದ್ನೆಲ್ಲಾ ಬರ್ಕಂಡೆ. ನಂದು ಬರಿಯಕ್ಕೆ ನಿಂಗೆ ಜಾಗ ಸಾಲ್ನಿಲ್ವಾ?"

ಒಂದು ತಿಂಗಳಿಂದ ಮನೆಮಂದಿಗೆಲ್ಲ ಬೈದ ಬಾಯಿ ನನ್ನದು. ಅದೇ ಬಾಯಲ್ಲಿ ಹಾಳೆಯ ಆ ಕೊನೆಯ ಸಾಲನ್ನು ಇನ್ನೊಮ್ಮೆ ಓದಿಕೊಂಡೆ. ಅವರು ಮೊರ ಎತ್ತಿಕೊಂಡು ಒಳಗೆ ಹೋದರು.