ಹತ್ತು ಸೇರು ರಾಗಿಯ ಪರ್ಮಿಟ್ಟು

ಜವಳಗಿರಿ ಕಾಡಿನ ಅಂಚಿನ ಹಳ್ಳಿಯೊಂದಕ್ಕೆ ಅಂಜಿನಮ್ಮ ಸೊಸೆಯಾಗಿ ಬಂದಾಗ ಅವಳಿಗೆ ಹದಿಮೂರು ತುಂಬಿತ್ತು ಅಷ್ಟೆ. ತೌರು ಗಡಿಯಾಚೆ, ಮೈಸೂರಿಗೆ ಸೇರಿದ ಆನೇಕಲ್ ಸೀಮೆಯಲ್ಲಿ, ಒಂದು ಹಗಲಿನ ನಡಿಗೆ. ಅಲ್ಲಿ ಅಪ್ಪ ಇಲ್ಲ, ಅಣ್ಣತಮ್ಮಂದಿರಿಲ್ಲ. ತಾಯಿ ಕದಿರಮ್ಮ ಒಬ್ಬಳೇ, ಕೂಲಿನಾಲಿ ಮಾಡಿಕೊಂಡು ಒಂದು ಗುಡಿಸಲಿನಲ್ಲಿದ್ದಳು.

ಅಂಜಿನಮ್ಮನಷ್ಟು ಅಪ್ಪಣೆ ಕೇಳಿ ಬಾಳಿದ ಹೆಂಗಸು ಆ ಸುತ್ತಿನಲ್ಲಿ ಇನ್ನೊಬ್ಬಳಿರಲಾರಳು. ತಲೆಗೆ ಎಣ್ಣೆ ಹಚ್ಚಿಕೊಳ್ಳಬೇಕಾದರೂ, ಪಕ್ಕದ ಮನೆಗೆ ಬೆಂಕಿ ತರಲು ಹೋಗಬೇಕಾದರೂ ಅತ್ತೆ ಗೋವಿಂದಮ್ಮ ಹೂಂ ಅನ್ನಬೇಕು. ಗೋವಿಂದಮ್ಮ ಕೆಟ್ಟವಳೇನಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಸೊಸೆಗೆ ಬೈದವಳಲ್ಲ, ಹೊಟ್ಟೆಗೆ ಕಡಿಮೆ ಮಾಡಿದವಳಲ್ಲ. ಆದರೆ ತೌರಿಗೆ ಕಳಿಸುವ ಮಾತು ಬಂದರೆ ಮಾತ್ರ ಅವಳ ಬಾಯಲ್ಲಿ ಒಂದಲ್ಲ ಒಂದು ಕೆಲಸ ಎದ್ದು ನಿಲ್ಲುತ್ತಿತ್ತು. ಕಳೆ ತೆಗೆಯಬೇಕು, ಕೊಯ್ಲು ಬಂತು, ಹಸು ಈಯುವ ಹಾಗಿದೆ. ಹನ್ನೊಂದು ವರ್ಷದಲ್ಲಿ ಅಂಜಿನಮ್ಮ ತಾಯಿಯ ಮುಖ ನೋಡಿದ್ದು ಐದೇ ಸಲ. ಕದಿರಮ್ಮನಿಗೂ ಇದು ಗೊತ್ತಿತ್ತು. ಬೀಗರ ಮೇಲೆ ಅವಳು ಒಂದು ದಿನವೂ ದೂರು ಹೇಳಲಿಲ್ಲ.

ಆಗ ಯುದ್ಧದ ಕಾಲ. ಪರ್ಮಿಟ್ಟು ಅನ್ನುವ ಮಾತು ಊರಿಗೆ ಮೊದಲು ಬಂದದ್ದು ಫಾರೆಸ್ಟಿನವರಿಂದ. ಕಾಡಿಗೆ ದನ ಬಿಡಲು ಪರ್ಮಿಟ್ಟು, ನೇಗಿಲಿಗೆ ಮರ ಕಡಿಯಲು ಪರ್ಮಿಟ್ಟು. ಯುದ್ಧ ಶುರುವಾದ ಮೇಲೆ ಸೀಮೆಎಣ್ಣೆಗೂ ಅದೇ, ಸೀರೆಗೂ ಅದೇ. ಹಿಂದೆ ಜನ ಹಿರಿಯರ ಹತ್ತಿರ ಅಪ್ಪಣೆ ಕೇಳುತ್ತಿದ್ದರು, ಓರಗೆಯವರ ಹತ್ತಿರ ಒಪ್ಪಿಗೆ ಕೇಳುತ್ತಿದ್ದರು. ಎರಡೂ ಬಾಯಿಮಾತಿನಲ್ಲಿ ಮುಗಿಯುತ್ತಿದ್ದವು. ಪರ್ಮಿಟ್ಟು ಹಾಗಲ್ಲ. ಅದು ಕಾಗದ, ಅದಕ್ಕೆ ಮೊಹರು ಬೇಕು, ಕೊಡುವವನು ಯಾರೋ ಏನೋ, ಕಂಡವರಿಲ್ಲ. ಆದರೂ ಮಾತು ಜನರ ನಾಲಗೆಗೆ ಒಗ್ಗಿಬಿಟ್ಟಿತು. ಗಂಡ ಸಂತೆಗೆ ಹೊರಟರೆ ಹೆಂಡತಿಯ ಪರ್ಮಿಟ್ ಆಯಿತೇ ಎಂದು ನಗುವರು. ಅಂಜಿನಮ್ಮನ ಗಂಡ ನಾರಾಯಣಪ್ಪನೂ ಹಾಗೆ ನಗುತ್ತಿದ್ದವನೇ. ಆ ವರ್ಷ ಮೈಸೂರಿನ ಕಡೆಯ ಕಾಡಿನಿಂದ ಆನೆಗಳು ಬಂದು ಅರ್ಧ ರಾಗಿ ಮೇಯ್ದುಹೋದಾಗ, ಇವಕ್ಕೆ ಯಾವ ಪರ್ಮಿಟ್ಟೂ ಬೇಡ ನೋಡಿ ಅಂದ. ನಕ್ಕವರು ಯಾರೂ ಇರಲಿಲ್ಲ.

ಉಳಿದ ರಾಗಿ ಕಣದಲ್ಲಿ ರಾಶಿಯಾದ ವಾರವೇ ದನದ ವ್ಯಾಪಾರದ ವೆಂಕಟಸ್ವಾಮಿ ಆನೇಕಲ್ ಕಡೆಯಿಂದ ಒಂದು ಸುದ್ದಿ ತಂದ. ಕದಿರಮ್ಮ ಹಾಸಿಗೆ ಹಿಡಿದಿದ್ದಾಳೆ. ರೇಷನ್ನಿನ ಮುಗ್ಗಲು ಜೋಳ ಒಳಗೆ ಇಳಿಯುವುದಿಲ್ಲ. ಮಗಳ ಹೊಲದ ಹೊಸ ರಾಗಿಯ ಮುದ್ದೆ ಒಂದು ತುತ್ತು ಬಾಯಿಗೆ ಬಿದ್ದರೆ ಸಾಕು, ನೆಮ್ಮದಿಯಾಗಿ ಕಣ್ಣು ಮುಚ್ಚುತ್ತೇನೆ ಅಂದಿದ್ದಾಳೆ.

ಅಂಜಿನಮ್ಮ ಅತ್ತೆಯ ಮುಂದೆ ಸೆರಗು ಹಿಡಿದು ನಿಂತಳು. ಈ ಸಲ ಗೋವಿಂದಮ್ಮ ಯಾವ ಕೆಲಸದ ಹೆಸರನ್ನೂ ಎತ್ತಲಿಲ್ಲ. ಸಾಯುವವಳು ತಮ್ಮ ಹೊಲದ ರಾಗಿಗೆ ಆಸೆಪಟ್ಟಿದ್ದಾಳೆ, ಇಲ್ಲ ಅನ್ನುವ ಪಾಪ ಯಾರಿಗೆ ಬೇಕು? ತಾನೇ ಮೊರ ಹಿಡಿದು ರಾಗಿ ಕೇರಿದಳು, ಹತ್ತು ಸೇರು ಅಳೆದು ಗಂಟು ಕಟ್ಟಿ, ಸೊಸೆಗೆ ಕುಂಕುಮವಿಟ್ಟು ಕಳಿಸಿದಳು.

ಗಡಿಯ ಚೌಕಿಯಲ್ಲಿ ಗಂಟು ಕೆಳಗಿಳಿಸು ಅಂದರು. ರಾಗಿ, ಭತ್ತ ಗಡಿ ದಾಟುವಂತಿಲ್ಲ, ಪರ್ಮಿಟ್ಟು ಎಲ್ಲಿ ಅಂದರು. ಅಂಜಿನಮ್ಮ ಅತ್ತಳು, ಕೈಮುಗಿದಳು. ಕಾವಲಿನವನು ವಯಸ್ಸಾದ ತಮಿಳಿನವನು. ಅವನಿಗೂ ಕರುಳು ಚುರುಕ್ ಅಂದಿರಬೇಕು.

"ನೀನು ಹೋಗಮ್ಮ, ನಿನ್ನ ಯಾರು ಬೇಡ ಅಂದ್ರು? ಗಂಟು ಇಲ್ಲಿರಲಿ, ಬರುವಾಗ ತಗೊಂಡು ಹೋಗು," ಅಂದ.

ಹೋಗಬಾರದಿತ್ತೇ? ದಾರಿ ಬಿಟ್ಟು ನಿಂತಿದ್ದ ಪುಣ್ಯಾತ್ಮ. ಇನ್ನು ಅರ್ಧ ಹಗಲು ನಡೆದಿದ್ದರೆ ತಾಯಿಯ ಮಂಚ. ಆದರೆ ಉಣ್ಣುವ ಆಸೆ ಹೇಳಿ ಕಳಿಸಿದವರ ಮುಂದೆ ಬರಿಗೈಯಲ್ಲಿ ಹೋಗಿ ನಿಲ್ಲುವುದು ನಮ್ಮ ಕಡೆ ಇಲ್ಲ. ಹಾಗೆ ಹೋದರೆ ಆ ಜೀವ ಆಸೆಯಲ್ಲೇ ಒದ್ದಾಡುತ್ತದೆ, ಪ್ರಾಣ ಸಲೀಸಾಗಿ ಹೋಗುವುದಿಲ್ಲ ಅನ್ನುತ್ತಾರೆ. ತಾಯಿ ಬಾಯಿಬಿಟ್ಟು ಕೇಳಿದ್ದು ಜನ್ಮದಲ್ಲಿ ಅದೊಂದೇ. ಅಂಜಿನಮ್ಮ ಗಂಟನ್ನು ತಲೆಗೇರಿಸಿಕೊಂಡು ಬಂದ ದಾರಿಯಲ್ಲೇ ತಿರುಗಿದಳು.

ಮಾರನೆಯ ದಿನವೇ ನಾರಾಯಣಪ್ಪ ಪರ್ಮಿಟ್ಟಿಗೆಂದು ಕಚೇರಿಗೆ ಹೋದ. ಅರ್ಜಿ ಬರೆಸಬೇಕು, ಊರ ಮುನಸೀಪರ ರುಜು ಬೇಕು, ಮನೆಯಲ್ಲಿ ಎಷ್ಟು ರಾಗಿ ಇದೆಯೆಂದು ಇನ್ಸ್‌ಪೆಕ್ಟರು ಬಂದು ನೋಡಬೇಕು. ಪಾಪ, ಅವನು ನಾಲ್ಕು ಸಲ ಅಲೆದ. ಸಾಹೇಬರು ಕ್ಯಾಂಪು, ನಾಳೆ ಬಾ. ಗುಮಾಸ್ತರು ರಜೆ, ಸೋಮವಾರ ಬಾ. ಅವನು ಹೋದ ದಿನವೆಲ್ಲ ಅಂಜಿನಮ್ಮ ಸಂಜೆ ಬಾಗಿಲಲ್ಲಿ ನಿಂತು ಅವನ ಕೈ ನೋಡುವಳು. ಖಾಲಿ ಕೈ ಕಂಡರೆ ಒಳಗೆ ಹೋಗಿ ಒಲೆ ಊದುವಳು. ಹೊಗೆಯ ನೆಪದಲ್ಲಿ ಎಷ್ಟು ಅತ್ತಳೋ ದೇವರಿಗೇ ಗೊತ್ತು.

ಹನ್ನೆರಡನೆಯ ದಿನ ತಡೆಯಲಾರದೆ ಅತ್ತೆಯನ್ನು ಕೇಳಿದಳು. "ಅತ್ತೆ, ಸುಮ್ನೆ ಹೋಗಿ ಮೊಕ ನೋಡ್ಕಂಡು ಬಂದ್ಬುಡ್ಲಾ?"

"ಆಸೆಪಟ್ಟೋಳ ಮುಂದೆ ಬರೀ ಕೈ ಬೀಸ್ಕಂಡು ಹೋಯ್ತೀಯೇನೇ? ಪರ್ಮಿಟ್ಟು ಇವತ್ತೋ ನಾಳೆಯೋ ಬತ್ತದೆ. ತಡ್ಕೋ," ಅಂದಳು ಗೋವಿಂದಮ್ಮ. ಅವಳ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅಂಜಿನಮ್ಮನಿಗೂ ಅದು ಸರಿಯೆಂದೇ ಕಂಡಿತು.

ಪರ್ಮಿಟ್ಟು ಬಂದದ್ದು ಇಪ್ಪತ್ತಮೂರನೆಯ ದಿನ. ಗಂಡಹೆಂಡಿರಿಬ್ಬರೂ ಕೋಳಿ ಕೂಗುವ ಹೊತ್ತಿಗೇ ಹೊರಟರು. ಚೌಕಿಯಲ್ಲಿ ಅದೇ ಮುದುಕ ಕಾಗದ ನೋಡಿ, ಗಂಟು ಮುಟ್ಟದೆ ಬಿಟ್ಟ. ಆಮೇಲೆ ಅಂಜಿನಮ್ಮ ನಡೆಯಲಿಲ್ಲ, ಓಡಿದಳು. ಗಂಟು ಹೊತ್ತ ನಾರಾಯಣಪ್ಪ ಹಿಂದೆ ಉಳಿದುಬಿಟ್ಟ.

ಗುಡಿಸಲ ಮುಂದೆ ಜನ ಸೇರಿದ್ದರು. ಕದಿರಮ್ಮನನ್ನು ಹೊರಗೆ ಮಲಗಿಸಿ, ಮಗಳು ಬರಲಿ ಎಂದು ಕಾಯುತ್ತಿದ್ದರು. ಹಿಂದಿನ ಸಂಜೆ ಜೀವ ಹೋಗಿತ್ತು. ಸುದ್ದಿ ಹೇಳಲು ಹೊರಟವನು ಕಾಡಿನ ಕಾಲುದಾರಿ ಹಿಡಿದಿದ್ದ, ಇವರು ಗಾಡಿದಾರಿಯಲ್ಲಿ ಬಂದಿದ್ದರು. ಅಂಜಿನಮ್ಮ ತಾಯಿಯ ಕಾಲ ಹತ್ತಿರ ಕುಸಿದು ಕೂತಳು. ಅಳುವೂ ಬರಲಿಲ್ಲ. ಹಿಂದೆಯೇ ಬಂದ ನಾರಾಯಣಪ್ಪ ಗಂಟನ್ನು ಇಳಿಸಿ ನಿಂತ.

ಇಷ್ಟು ದಿನ ಕದಿರಮ್ಮನ ಬಾಯಿಗೆ ನೀರು ಬಿಟ್ಟವಳು ಪಕ್ಕದ ಮನೆಯ ಪಾರ್ವತಮ್ಮ. ಅವಳು ಗಂಟು ನೋಡಿ ಇದೇನೆಂದು ಕೇಳಿದಳು. ಅಂಜಿನಮ್ಮ ಒಂದೊಂದೇ ಮಾತಿನಲ್ಲಿ ಹೇಳಿದಳು: ಅವ್ವ ಆಸೆಪಟ್ಟ ಹೊಸ ರಾಗಿ, ಚೌಕಿಯವರು ತಡೆದದ್ದು, ಇಪ್ಪತ್ತಮೂರು ದಿನ ಪರ್ಮಿಟ್ಟಿಗೆ ಕಾದದ್ದು, ಬರಿಗೈಯಲ್ಲಿ ಹೇಗೆ ಬರುವುದೆಂದು ತಿರುಗಿ ಹೋದದ್ದು.

ಪಾರ್ವತಮ್ಮ ತಲೆ ಚಚ್ಚಿಕೊಂಡಳು.

"ಅಯ್ಯೋ ನಿನ್ ಮನೆ ಕಾಯ್ವಾಗ, ಮುದ್ದೆ ಎಲ್ಲಿ ತಿಂತಿದ್ಲೇ ಅವ್ಳು? ವೆಂಕಟಸ್ವಾಮಿ ಬಂದಾಗ್ಲೇ ಗಂಟ್ಲಲ್ಲಿ ಗಂಜಿ ನೀರೂ ಇಳೀತಿರ್ಲಿಲ್ಲ. ರಾಗಿ ಯಾತಕ್ಕೇ ಅಂತ ನಾನೇ ಕೇಳ್ದೆ. 'ಮಗಳ್ನ ನೋಡ್ಬೇಕು, ಕಳ್ಸಿ ಅಂದ್ರೆ ಅವರತ್ತೆ ಕಳ್ಸಲ್ಲ ಕಣೇ ಪಾರ್ವತಿ. ರಾಗಿ ಬೇಕು ಅಂದ್ರೆ ಕಳ್ಸೇ ಕಳ್ಸ್ತಾರೆ' ಅಂದ್ಲು."

ನಾರಾಯಣಪ್ಪ ಮುಖಕ್ಕೆ ಟವಲು ಹಿಡಿದುಕೊಂಡ. ಅಂಜಿನಮ್ಮನಿಗೆ ಈಗ ಅಳು ಬಂತು. ತಣ್ಣಗಾದ ಪಾದಗಳನ್ನು ಎರಡು ಕೈಯಲ್ಲೂ ಹಿಡಿದು ಅಲ್ಲಾಡಿಸುತ್ತ, ಮಲಗಿದವರನ್ನು ಎಬ್ಬಿಸುವವಳ ಹಾಗೆ ಅಂದಳು: "ಸುಮ್ನೆ ಬಾ ಅಂದಿದ್ರೆ ಸಾಕಾಗಿತ್ತಲ್ಲವ್ವಾ. ಯಾರನ್ನೂ ಕೇಳ್ದೆ ಬಂದ್ಬುಡ್ತಿದ್ನಲ್ಲವ್ವಾ."

ಬರುತ್ತಿದ್ದಳೋ ಇಲ್ಲವೋ. ಕದಿರಮ್ಮನಿಗೆ ಮಗಳು ಚೆನ್ನಾಗಿ ಗೊತ್ತಿತ್ತು.