ಬಾಣಲೆ ಬೀದಿ ದಾಟಿದ ದೀಪಾವಳಿ

ಮೂಡಲಪಾಳ್ಯದಲ್ಲಿ ಇನ್ನೂ ಖಾಲಿ ಸೈಟುಗಳು ಉಳಿದಿದ್ದ ಕಾಲವದು. ಆಗ ದೀಪಾವಳಿ ಕ್ಯಾಲೆಂಡರಿನಿಂದ ಬರುತ್ತಿರಲಿಲ್ಲ, ಮೂಗಿನಿಂದ ಬರುತ್ತಿತ್ತು. ದಸರಾ ರಜೆ ಮುಗಿಯುವ ಹೊತ್ತಿಗೆ ನಮ್ಮ ವಠಾರದ ಅಂಗಳದಲ್ಲಿ ಅಕ್ಕಿ ನೆನೆಯುತ್ತಿತ್ತು, ನೆರಳಲ್ಲಿ ಹಳೆ ಪಂಚೆಯ ಮೇಲೆ ಆರುತ್ತಿತ್ತು, ಗಿರಣಿಗೆ ಹೋಗಿ ಹಿಟ್ಟಾಗಿ ಬರುತ್ತಿತ್ತು. ಅದಾದ ಮೇಲೆ ಬೆಲ್ಲದ ಪಾಕ. ಆ ಪಾಕದ ವಾಸನೆ ಬಂತೆಂದರೆ ಇನ್ನು ಕಜ್ಜಾಯವೇ. ನಿಮ್ಮಲ್ಲೂ ಎಷ್ಟೋ ಜನ ಆ ವಾಸನೆಯ ಹಿಂದೆ ಬಿದ್ದು ಹೋಂವರ್ಕ್ ಬಿಟ್ಟವರೇ ಇರುತ್ತೀರಿ, ನನಗೆ ಗೊತ್ತು.

ನಮ್ಮ ವಠಾರದಲ್ಲಿ ಕಜ್ಜಾಯವೆಂದರೆ ಜಯಮ್ಮ ದೊಡ್ಡಮ್ಮನ ಕಜ್ಜಾಯ. ರಕ್ತಸಂಬಂಧವೇನಲ್ಲ, ಪಕ್ಕದ ಮನೆಯವರು. ಅಮ್ಮ ಅವರನ್ನು ಜಯಕ್ಕ ಎನ್ನುತ್ತಿದ್ದಳು, ಹಾಗಾಗಿ ನನಗೆ ದೊಡ್ಡಮ್ಮ. ಅವರ ಯಜಮಾನರು ಶಿವಣ್ಣ ದೊಡ್ಡಪ್ಪ ಕೆಲಸ ಮಾಡುತ್ತಿದ್ದ ಮಿಲ್ಲು ಮುಚ್ಚಿದ ಮೇಲೆ ದೊಡ್ಡಮ್ಮ ಹಬ್ಬದ ತಿಂಡಿಗೆ ಆರ್ಡರು ಹಿಡಿಯತೊಡಗಿದ್ದರು. ದೀಪಾವಳಿಯ ನೋಮುಲಿಗೆ, ಅಂದರೆ ಕೇದಾರೇಶ್ವರನ ವ್ರತಕ್ಕೆ, ಕಜ್ಜಾಯ ಆಗಲೇಬೇಕು. ಆದರೆ ಅದರ ಪಾಕ ಎಲ್ಲರ ಕೈಗೂ ಒಲಿಯುವುದಿಲ್ಲ. ಚಂದ್ರಾ ಲೇಔಟು, ವಿಜಯನಗರದಿಂದೆಲ್ಲ ಜನ ಡಬ್ಬಿ ಹಿಡಿದು ಬರುತ್ತಿದ್ದರು. ಆ ಹದಿನೈದು ದಿನದ ದುಡಿಮೆಯಲ್ಲಿ ಆ ಮನೆ ಯುಗಾದಿಯವರೆಗೆ ನಡೆಯಬೇಕಿತ್ತು. ಇದು ವಠಾರಕ್ಕೆಲ್ಲ ಗೊತ್ತಿತ್ತು, ನಮ್ಮಂಥ ಮಕ್ಕಳಿಗೂ ಗೊತ್ತಿತ್ತು.

ಅವರ ಅಡುಗೆಮನೆಯಲ್ಲಿ ಆ ದೊಡ್ಡ ಬಾಣಲೆ ಹಿಡಿಸುತ್ತಿರಲಿಲ್ಲ. ಅಂಗಳದಲ್ಲೇ, ಹೆಚ್ಚುಕಡಿಮೆ ನಮ್ಮ ಬಾಗಿಲೆದುರಿಗೇ, ಪಂಪ್ ಸ್ಟವ್ ಬುಸುಗುಡುತ್ತಿತ್ತು. ದೊಡ್ಡಮ್ಮ ಬಾಳೆಎಲೆಯ ಮೇಲೆ ಹಿಟ್ಟು ತಟ್ಟಿ, ಗಸಗಸೆ ಅಂಟಿಸಿ, ಎಣ್ಣೆಗೆ ಜಾರಿಸಿ, ಉಬ್ಬಿ ಕೆಂಪಗಾದದ್ದನ್ನು ಎರಡು ಸೌಟುಗಳ ನಡುವೆ ಒತ್ತಿ ಎಣ್ಣೆ ಹಿಂಡುತ್ತಿದ್ದರು. ಇಡಿಯಾದದ್ದು ಗಿರಾಕಿಗೆ, ಒಡೆದದ್ದು ಮಕ್ಕಳಿಗೆ. ನಾವು ಸುತ್ತ ಕುಕ್ಕರುಗಾಲಿನಲ್ಲಿ ಕೂತು, ಸ್ವಾಮೀ, ಇನ್ನೊಂದೆರಡು ಒಡೆಯಲಪ್ಪಾ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆವು. ದೇವರು ಮಕ್ಕಳ ಮಾತು ಕೇಳುತ್ತಾನೆ ಅನ್ನುತ್ತಾರೆ, ಆದರೆ ದೊಡ್ಡಮ್ಮನ ಕೈಯ ಮುಂದೆ ಅವನ ಆಟವೂ ಅಷ್ಟಾಗಿ ನಡೆಯುತ್ತಿರಲಿಲ್ಲ.

ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ ಗಣೇಶನ ಪೆಂಡಾಲಿನಿಂದ ಆಯುಧಪೂಜೆಯವರೆಗೆ ನನ್ನ ಬಾಯಿಗೆ ಬಿಡುವೇ ಇರಲಿಲ್ಲ. ಗಾಡಿಯ ಪಾನಿಪುರಿ, ಐಸ್‌ಕ್ಯಾಂಡಿ, ನೊಣ ಕೂತ ಪರಂಗಿಹಣ್ಣಿನ ಹೋಳು, ಆಟೋ ಸ್ಟ್ಯಾಂಡಿನವರು ಹಂಚಿದ ಬಣ್ಣದ ಷರಬತ್ತು. ಹಬ್ಬದ ಸಾಲು ಅಂತ ಅಮ್ಮನೂ ಕೈ ಬಿಟ್ಟಿದ್ದಳು. ದೀಪಾವಳಿಗೆ ಇನ್ನೇನು ಹತ್ತು ಹನ್ನೆರಡು ದಿನ ಇರುವಾಗ ನನಗೆ ಅನ್ನ ಕಂಡರೆ ಆಗದು, ಎದ್ದರೆ ಕಾಲು ನಡುಗುವುದು ಶುರುವಾಯಿತು. ವಿಜಯನಗರದ ಡಾಕ್ಟ್ರು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಕಾಮಾಲೆ ಎಂದರು. ಮಲಗಿಸಿ, ನೀರು ಕುದಿಸಿ ಕೊಡಿ, ತಟ್ಟೆ ಲೋಟ ಬೇರೆ ಇಡಿ, ಎಣ್ಣೆ ಜಿಡ್ಡು ಹತ್ತಿರ ಸೇರಿಸಬೇಡಿ ಎಂದರು. ಬಸ್ಸಿನಲ್ಲಿ ಅಲ್ಲಿ ಇಲ್ಲಿ ಕರೆದುಕೊಂಡು ಹೋಗಲೂಬೇಡಿ ಎಂದು ಸೇರಿಸಿದರು, ಇಲ್ಲದಿದ್ದರೆ ಅಪ್ಪ ನನ್ನನ್ನು ತಿಪಟೂರಿಗೆ, ಅಜ್ಜಿಯ ಮನೆಗೆ ಸಾಗಿಸುವವರಿದ್ದರು.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರಲ್ಲ. ಆ ವರ್ಷ ನಮ್ಮ ಮನೆಯಲ್ಲಿ ಎರಡೂ ಕೆಟ್ಟಿತ್ತು. ಊಟ ನನಗೆ ಗೊತ್ತಿರಲಿಲ್ಲ, ಮಾತು ಅಮ್ಮನಿಗೆ.

ಜಯಕ್ಕನಿಗೆ ಗೊತ್ತಾದರೆ, ಮಗುವಿಗೆ ಎಣ್ಣೆ ವಾಸನೆ ಆಗದೆಂದು ಅವರು ಸ್ಟವ್ ಹಚ್ಚುವುದಿಲ್ಲ ಎಂಬುದು ಅಮ್ಮನ ಭಯ. ಅವರು ಅಂಥವರೇ. ಹಿಟ್ಟು ಕಲಸಿಟ್ಟಾಗಿದೆ, ಆರ್ಡರು ಹಿಡಿದಾಗಿದೆ, ನಮ್ಮಿಂದಾಗಿ ಅವರ ಹೊಟ್ಟೆಯ ಮೇಲೆ ಹೊಡೆಯುವುದೇ ಎಂದು ಅಪ್ಪನ ಹತ್ತಿರ ಪಿಸುಗುಟ್ಟಿದಳು. ಕೇಳಿದವರಿಗೆಲ್ಲ, ಏನೋ ಸ್ವಲ್ಪ ಜ್ವರ, ಸುಸ್ತಾಗಿದಾಳೆ ಎಂದು ಹೇಳಿಬಿಟ್ಟಳು. ನನ್ನನ್ನು ಒಳಕೋಣೆಗೆ ಹಾಕಿ ಬಾಗಿಲು ಮುಚ್ಚಿದಳು.

ಮೊದಲ ದಿನ ಬಾಣಲೆ ಕಾದಾಗ ನನಗೆ ಗೊತ್ತಾಯಿತು, ವಾಸನೆಗೂ ಕೈಕಾಲು ಇರುತ್ತದೆ ಅಂತ. ಬಾಗಿಲ ಸಂದಿಗೆ ಅಮ್ಮ ಒದ್ದೆ ಟವೆಲು ತುರುಕಿದಳು. ಆದರೂ ಬಂತು. ಯಾವುದಕ್ಕಾಗಿ ವರ್ಷವಿಡೀ ಕಾಯುತ್ತಿದ್ದೆನೋ ಅದೇ ವಾಸನೆಗೆ ಕರುಳು ಬಾಯಿಗೆ ಬಂತು. ಕುಡಿದ ಗಂಜಿ ನಿಲ್ಲಲಿಲ್ಲ. ಅಮ್ಮ ಸಾಂಬ್ರಾಣಿ ಹಾಕಿ ನೋಡಿದಳು; ಕರಿದ ಎಣ್ಣೆಯ ಮೇಲೆ ಸಾಂಬ್ರಾಣಿ ಹೊಗೆ ಸೇರಿ ಇನ್ನೂ ಘೋರವಾಯಿತು. ನಾನು ಬಕೆಟ್ಟು ಹಿಡಿದು ಓಕರಿಸಿದರೆ, ಸದ್ದು ಹೊರಗೆ ಕೇಳದಿರಲೆಂದು ಅಮ್ಮ ರೇಡಿಯೋ ಜೋರು ಮಾಡುತ್ತಿದ್ದಳು. ಆಮೇಲೆ ನನ್ನ ಬೆನ್ನು ಸವರುತ್ತಾ ತಾನೂ ಅಳುತ್ತಿದ್ದಳು. ಎಂಥಾ ದಾಕ್ಷಿಣ್ಯ ಅಂತೀನಿ ನಾನು. ಮಗಳು ಒಳಗೆ ಬತ್ತಿ ಹೋಗುತ್ತಿದ್ದಾಳೆ, ಬಾಯಿಬಿಟ್ಟು ಒಂದು ಮಾತು ಹೇಳಲಾರಳು.

ಮೂರನೆಯ ದಿನವೋ ಏನೋ, ಅಮ್ಮ ನೀರು ಹಿಡಿಯಲು ಬೀದಿ ನಲ್ಲಿಗೆ ಹೋಗಿದ್ದಾಗ ದೊಡ್ಡಮ್ಮ ಒಳಗೆ ಬಂದರು. ಕೈಯಲ್ಲಿ ತಟ್ಟೆ, ಅದರಲ್ಲಿ ಒಂದು ಕಜ್ಜಾಯ. ಒಡೆದದ್ದಲ್ಲ, ಇಡಿಯಾದದ್ದು, ಗಿರಾಕಿಗೆ ಕೊಡುವಂಥದ್ದು. ಕೋಣೆಯಲ್ಲಿ ನಲವತ್ತು ಕ್ಯಾಂಡಲ್ಲಿನ ಬಲ್ಬು. ಆ ಬೆಳಕಿನಲ್ಲಿ ಎಲ್ಲರೂ ಹಳದಿಯೇ, ಗೋಡೆಯೂ ಹಳದಿ, ದೊಡ್ಡಮ್ಮನೂ ಹಳದಿ. ಅವರಿಗೆ ನನ್ನ ಕಣ್ಣು ಗೊತ್ತಾಗಲಿಲ್ಲ.

"ಜ್ವರದ ಬಾಯಿ ಸಪ್ಪೆಯಾಗಿರುತ್ತೆ ಕಣೇ ಗಿರಿಜಾ. ಒಂಚೂರು ಸಿಹಿ ತಿನ್ನು, ರುಚಿ ಹತ್ತುತ್ತೆ," ಎಂದು ಮುರಿದು ನನ್ನ ಬಾಯಿಗೆ ಇಟ್ಟರು.

ಬೇಡ ಅನ್ನಬಹುದಿತ್ತು. ಆದರೆ ನಾನೂ ಆ ಅಮ್ಮನ ಮಗಳೇ ತಾನೆ. ದೊಡ್ಡಮ್ಮ ನನಗೋಸ್ಕರ ಇಡೀ ಕಜ್ಜಾಯ ತಂದಿದ್ದಾರೆ, ಪಕ್ಕದಲ್ಲಿ ಕೂತು ನನ್ನ ಮುಖವನ್ನೇ ನೋಡುತ್ತಿದ್ದಾರೆ. ನುಂಗಿದೆ. ಎರಡನೇ ತುತ್ತನ್ನೂ ನುಂಗಿದೆ. ಆಮೇಲೆ ಎದ್ದು ಬಿದ್ದು ಅಂಗಳದ ಮೋರಿಗೆ ಓಡಿದೆ.

ಹಿಂದೆಯೇ ಓಡಿಬಂದು ನನ್ನ ಹಣೆ ಹಿಡಿದುಕೊಂಡವರು ಅವರೇ. ಎಲ್ಲ ಆದ ಮೇಲೆ ಸೆರಗಿನಿಂದ ನನ್ನ ಬಾಯಿ ಒರೆಸಿ, ಮುಖವನ್ನು ಬಿಸಿಲಿಗೆ ತಿರುಗಿಸಿದರು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಅಷ್ಟರಲ್ಲಿ ಅಮ್ಮ ಕೊಡ ಹೊತ್ತು ಗೇಟಿನ ಒಳಗೆ ಬಂದಳು.

"ಶಾರದಾ, ಇದು ಕಾಮಾಲೆ ಅಲ್ವಾ?"

ಅಮ್ಮ ಕೊಡ ಇಳಿಸುವುದನ್ನೂ ಮರೆತು ನಿಂತಳು. ಡಾಕ್ಟ್ರು ಹೇಳಿ ಆಗಲೇ ಕೆಲವು ದಿನವಾಯಿತು ಎಂದು ಒಪ್ಪಿಕೊಂಡಳು.

"ಗೋಡೆ ಆಚೆಗೆ ನಾನ್ ಕೂತಿದೀನಿ. ನಂಗೆ ಯಾಕೆ ಹೇಳ್ಲಿಲ್ಲ?"

"ನಿಮ್ ಕೆಲಸ ನಿಂತೋಗುತ್ತಲ್ಲ ಜಯಕ್ಕ, ಅದಕ್ಕೇ..."

"ನನ್ ಕೈಯಾರೆ ಮಗೂಗೆ ಎಣ್ಣೆ ತಿನ್ನಿಸ್ದೆ ಕಣೇ ನಾನು," ಎಂದರು ದೊಡ್ಡಮ್ಮ. "ನನ್ ಹೊಟ್ಟೆ ವಿಚಾರ ನೀನು ಯೋಚ್ನೆ ಮಾಡ್ಬೋದು, ಈ ಮಗು ವಿಚಾರ ನಾನು ಮಾಡ್ಬಾರ್ದಾ? ಅಷ್ಟು ಹೊರಗಿನವಳಾ ನಾನು?"

ಹೋಗಿ ಸ್ಟವ್ ಆರಿಸಿದರು. ಕಾದ ಎಣ್ಣೆ ಹಾಗೇ ತಣ್ಣಗಾಯಿತು. ಅವತ್ತು ಮಾಡಬೇಕಿದ್ದ ಆರ್ಡರು ಅಲ್ಲಿಗೇ ನಿಂತಿತು. ನನಗೆ ಅದಾದ ಎರಡು ದಿನ ನೀರೂ ನಿಲ್ಲದೆ ಡ್ರಿಪ್ ಹಾಕಿಸಬೇಕಾಯಿತು. ಎರಡು ತುತ್ತಿನಿಂದ ಹಾಗೆಲ್ಲ ಆಗಲ್ಲಮ್ಮ, ಅದು ಕಾಯಿಲೆಯದೇ ಜೋರು ಎಂದು ಡಾಕ್ಟ್ರು ಎಷ್ಟು ಹೇಳಿದರೂ ದೊಡ್ಡಮ್ಮ ನಂಬಲಿಲ್ಲ. ಈ ಮಗುವಿಗೇನಾದರೂ ಆದರೆ ಇನ್ನು ಬಾಣಲೆ ಮುಟ್ಟುವುದಿಲ್ಲ ಎಂದು ಶಿವಣ್ಣ ದೊಡ್ಡಪ್ಪನ ಹತ್ತಿರ ಹೇಳಿದರಂತೆ.

ಕ್ಲಿನಿಕ್ಕಿನಿಂದ ಮನೆಗೆ ಬಂದಾಗ ಅಂಗಳ ಖಾಲಿಯಾಗಿತ್ತು. ಬಾಣಲೆ, ಸ್ಟವ್, ಮಣೆ ಎಲ್ಲ ಬೀದಿ ದಾಟಿ ಎದುರಿನ ಖಾಲಿ ಸೈಟಿಗೆ ಹೋಗಿದ್ದವು. ಅಪ್ಪ, ಶಿವಣ್ಣ ದೊಡ್ಡಪ್ಪ ಸೇರಿ ಒಂದು ಕಡೆ ಹೊಂಗೆ ಮರಕ್ಕೆ, ಇನ್ನೊಂದು ಕಡೆ ಬಿದಿರಿನ ಗಳಕ್ಕೆ ಟಾರ್ಪಾಲು ಕಟ್ಟಿದ್ದರು. ಗಾಳಿ ವಠಾರದ ಕಡೆಯಿಂದ ಆಚೆಗೆ ಬೀಸುವ ಜಾಗ ನೋಡಿ ದೊಡ್ಡಮ್ಮನೇ ತೋರಿಸಿದ್ದಂತೆ. ಅಷ್ಟಕ್ಕೇ ಬಿಡಲಿಲ್ಲ ಅವರು. ಹುಡುಗಿ ಚೇತರಿಸಿಕೊಳ್ಳುವವರೆಗೆ ವಠಾರದಲ್ಲಿ ಯಾರೂ ಬಾಣಲೆ ಇಡಬಾರದು, ಕರಿಯುವುದಿದ್ದರೆ ಸೈಟಿಗೆ ಬನ್ನಿ, ನನ್ನ ಒಲೆ ಕೊಡ್ತೀನಿ ಎಂದು ಮನೆಮನೆಗೂ ಹೇಳಿಬಂದರು. ಕೊನೆಮನೆಯವರು ಗೊಣಗಿದರು, ಆದರೆ ಬಂದರು. ಹೀಗಾಗಿ ಆ ವರ್ಷ ನಮ್ಮ ವಠಾರದ ಹಬ್ಬದಡುಗೆ ಅರ್ಧ ಬೀದಿಯಾಚೆಗೆ, ಅರ್ಧ ಹಬೆಯಲ್ಲಿ ನಡೆಯಿತು. ಎಲ್ಲ ಮನೆಯಲ್ಲೂ ಕಡುಬು. ಪಟಾಕಿಯೂ ಸೈಟಿನ ಆ ತುದಿಗೇ ಹೋಯಿತು.

ನನಗೆ ಪಥ್ಯ. ಉಪ್ಪು ಕಾಣದ ಗಂಜಿ, ಎಳನೀರು, ನೀರು ಮಜ್ಜಿಗೆ. ಸೈಟಿನ ಬೇಲಿಬದಿಯ ನೆಲನೆಲ್ಲಿ ಕಿತ್ತು, ತೊಳೆದು, ಅರೆದು, ಡಾಕ್ಟ್ರನ್ನು ಕೇಳಿಯೇ ದೊಡ್ಡಮ್ಮ ಬೆಳಿಗ್ಗೆ ತಂದು ಕುಡಿಸುತ್ತಿದ್ದರು. ಅಮ್ಮನ ಜೊತೆ ಮಾತ್ರ ಮಾತಿಲ್ಲ. ನಮ್ಮ ಮನೆಗೇ ಬರುವುದು, ನಮ್ಮ ಲೋಟವನ್ನೇ ತೊಳೆದಿಡುವುದು, ಅಮ್ಮನನ್ನು ಕಂಡರೆ ಮುಖ ಆಕಡೆಗೆ. ಅಮ್ಮ ಅವರ ಹಿಂದೆ ಮುಂದೆ ಸುಳಿಯುತ್ತಿದ್ದಳು, ಬೈಸಿಕೊಂಡರೂ ಸಾಕು ಎನ್ನುವವಳ ಹಾಗೆ.

ಹಬ್ಬಕ್ಕೆ ಎರಡು ದಿನವಿರುವಾಗ ಮಳೆ ಹಿಡಿಯಿತು. ನಾನು ಕಿಟಕಿಯಲ್ಲಿ ಕೂತು ನೋಡುತ್ತಿದ್ದೆ. ಟಾರ್ಪಾಲು ಪಟಪಟ ಹೊಡೆದುಕೊಳ್ಳುತ್ತಿತ್ತು. ಗಾಳಿಗೆ ಉರಿ ಒಮ್ಮೆ ಇಳಿಯುವುದು, ಒಮ್ಮೆ ಏರುವುದು. ಉರಿ ಒಂದೇ ಸಮ ಇಲ್ಲದಿದ್ದರೆ ಕಜ್ಜಾಯ ಎಣ್ಣೆಯಲ್ಲೇ ಬಿಚ್ಚಿಕೊಳ್ಳುತ್ತದೆ. ಒಂದರ ಹಿಂದೊಂದು ಒಡೆಯುತ್ತಿದ್ದವು. ಪಕ್ಕದ ಬುಟ್ಟಿ ಒಡೆದ ಕಜ್ಜಾಯಗಳಿಂದ ತುಂಬುತ್ತಿತ್ತು. ಡಬ್ಬಿ ತಂದಿದ್ದ ಹೆಂಗಸೊಬ್ಬರು ಏನೋ ಅಂದು ಖಾಲಿ ಡಬ್ಬಿ ಹಿಡಿದು ಹೊರಟುಹೋದರು. ಅವರ ಹಿಂದೆ ಇನ್ನೊಬ್ಬರು. ದೊಡ್ಡಮ್ಮ ತಲೆಯೆತ್ತಲಿಲ್ಲ. ನಮ್ಮ ಅಂಗಳಕ್ಕೆ ವಾಪಸ್ಸು ಬಂದಿದ್ದರೆ ಮಾಡಿನ ಕೆಳಗೆ ಒಣಗಿದ ಜಾಗವಿತ್ತು, ಹತ್ತು ಹೆಜ್ಜೆ ಅಷ್ಟೆ. ಬರಲಿಲ್ಲ ಅವರು. ನನಗೆ ಅವತ್ತು ಒಂದೇ ಸಮ ಅಳು ಬಂತು. ಅವರು ಒದ್ದೆಯಾಗುತ್ತಿರುವುದು ನನ್ನಿಂದ ಎಂದು ಗೊತ್ತಾಗುವಷ್ಟು ದೊಡ್ಡವಳಾಗಿದ್ದೆ.

ಅಮ್ಮ ಮೂಲೆಯಲ್ಲಿದ್ದ ಅಪ್ಪನ ದೊಡ್ಡ ಕೊಡೆ ತೆಗೆದುಕೊಂಡು ಬೀದಿ ದಾಟಿದಳು. ಹೋಗಿ ಪಕ್ಕದಲ್ಲಿ ಕೂತು ಹಿಟ್ಟಿಗೆ ಕೈ ಹಾಕಲು ಹೋದಳಂತೆ. ದೊಡ್ಡಮ್ಮ ಅಷ್ಟು ದಿನದ ಮೇಲೆ ಮೊದಲ ಮಾತಾಡಿದ್ದು ಆಗಲೇ. ಅದನ್ನು ಅಮ್ಮ ಆಮೇಲೆ ಎಷ್ಟು ಸಲ ಹೇಳಿದ್ದಾಳೋ.

"ಮನೇಲಿ ಕಾಮಾಲೆ ಮಗು ನೋಡ್ಕೊಳ್ಳೋಳು ನೀನು, ಹಿಟ್ಟು ಮುಟ್ಬೇಡ. ಗಾಳಿ ಬರೋ ಕಡೆ ಕೊಡೆ ಹಿಡಿ."

ಅಮ್ಮ ಹಿಡಿದಳು. ಒಲೆಗೆ ಗಾಳಿ ತಾಗದ ಹಾಗೆ ಕೊಡೆ ಅಡ್ಡ ಹಿಡಿದು, ಬೆನ್ನೆಲ್ಲ ನೆನೆಸಿಕೊಂಡು, ಸಂಜೆಯವರೆಗೆ ನಿಂತಳು. ನಡುವೆ ಓಡಿಬಂದು ನನಗೆ ಗಂಜಿ ಕುಡಿಸಿ ಮತ್ತೆ ಓಡುವುದು. ಸ್ವಲ್ಪ ಹೊತ್ತಿಗೆ ಇಬ್ಬರ ತಲೆಯೂ ಅಲ್ಲಾಡತೊಡಗಿತು. ಏನು ಮಾತಾಡಿಕೊಂಡರೋ ನನಗೆ ಕೇಳಲಿಲ್ಲ. ದೊಡ್ಡಮ್ಮ ಒಂದು ಸಲ ಸೆರಗಿನಿಂದ ಕಣ್ಣೊರೆಸಿಕೊಂಡರು, ಹೊಗೆಗೂ ಇರಬಹುದು. ಆ ವರ್ಷದ ಆರ್ಡರು ಪೂರ್ತಿ ಆಗಲಿಲ್ಲ. ಯುಗಾದಿಯ ಹೊತ್ತಿಗೆ ಆ ಮನೆಯಲ್ಲಿ ಕಷ್ಟವಿತ್ತು, ನಮ್ಮ ಮನೆಯ ಅಕ್ಕಿ ಅವರ ಮನೆಗೆ ಹೋಗುತ್ತಿದ್ದದ್ದು ನೆನಪಿದೆ. ಆ ನಷ್ಟದ ಬಗ್ಗೆ ಆಮೇಲೆ ದೊಡ್ಡಮ್ಮ ಒಂದು ಮಾತೂ ಆಡಲಿಲ್ಲ.

ನನ್ನ ಕಣ್ಣು ಬೆಳ್ಳಗಾಯಿತು. ಡಾಕ್ಟ್ರು ಇನ್ನು ಮಾಮೂಲಿ ಊಟ ಕೊಡಿ ಎಂದರು. ಡಾಕ್ಟ್ರು ಅಂದರೆ ಆಯ್ತೇ, ದೊಡ್ಡಮ್ಮ ಅನ್ನಬೇಡವೇ? ಸಂಕ್ರಾಂತಿಯವರೆಗೆ ಕರಿದದ್ದು ಮುಟ್ಟಗೊಡಲಿಲ್ಲ. ವಠಾರದ ಯಾರ ಮನೆಗೆ ಹೋಗಿ ಕೈಚಾಚಿದರೂ, ನಿಮ್ಮ ದೊಡ್ಡಮ್ಮನ್ನ ಕೇಳ್ಕೊಂಡು ಬಾ ಹೋಗು ಎನ್ನುವವರೇ. ನನಗೆ ಬರುತ್ತಿದ್ದ ಸಿಟ್ಟು ಅಷ್ಟಿಷ್ಟಲ್ಲ.

ಆ ವಠಾರ ಈಗಿಲ್ಲ. ಸೈಟಿನಲ್ಲೂ ನಾಲ್ಕು ಮಹಡಿ ಎದ್ದಿದೆ. ದೊಡ್ಡಮ್ಮ ಲಗ್ಗೆರೆಯ ಮಗಳ ಮನೆಯಲ್ಲಿದ್ದು ತೀರಿಕೊಂಡು ವರ್ಷಗಳಾದವು. ನಾನು ನಾಗರಬಾವಿಯ ಅಪಾರ್ಟ್‌ಮೆಂಟಿನಲ್ಲಿದ್ದೇನೆ. ಹೋದ ದೀಪಾವಳಿಗೆ ಮುಂಚೆ ನನ್ನ ಲಿವರ್ ಮತ್ತೆ ತಕರಾರು ತೆಗೆಯಿತು, ಈ ಸಲ ಕೊಬ್ಬು ಸೇರಿದೆಯಂತೆ. ಹಬ್ಬದಲ್ಲಿ ಎಷ್ಟು ತಿನ್ನಬೇಕು, ಎಷ್ಟು ನಡೆಯಬೇಕು ಎಂದು ಮೊಬೈಲು ನೆನಪಿಸುತ್ತಲೇ ಇರುತ್ತದೆ, ನಾನೂ ಹೇಳಿದ ಹಾಗೆ ಕೇಳುತ್ತೇನೆ. ಸುಳ್ಳೇಕೆ, ಗುಣವೂ ಇದೆ.

ಹಬ್ಬದ ದಿನ ಎದುರು ಮನೆಯವರು ಕಜ್ಜಾಯ ತಂದುಕೊಟ್ಟರು. ಒಳ್ಳೆಯ ಹೆಣ್ಣುಮಗಳು, ನಗುನಗುತ್ತಾ ಮಾತಾಡಿಸುತ್ತಾರೆ. ಥ್ಯಾಂಕ್ಸ್ ಹೇಳಿ ತೆಗೆದುಕೊಂಡೆ, ಬಾಗಿಲು ಹಾಕಿಕೊಂಡೆ, ಕಜ್ಜಾಯವನ್ನು ವಾಚ್‌ಮನ್ ಮನೆಗೆ ಕಳಿಸಿದೆ. ಮಾರನೆಯ ದಿನ ಲಿಫ್ಟಿನಲ್ಲಿ ಸಿಕ್ಕಿ, ಹೇಗಿತ್ತು ಮೇಡಂ ಎಂದರು. ಸೂಪರ್ ಆಗಿತ್ತು ಎಂದೆ. ಅವರಿಗೆ ಖುಷಿಯಾಯಿತು. ಮುಂದೆ ಯಾವತ್ತಾದರೂ ನಿಜ ಗೊತ್ತಾದರೆ, ಅಯ್ಯೋ ಸಾರಿ ಮೇಡಂ ಎನ್ನುತ್ತಾರೆ, ಅಷ್ಟೇ ತಾನೆ ಅವರೂ ಅನ್ನಲು ಸಾಧ್ಯ. ನನಗೆ ಸಾರಿ ಬೇಕಾಗಿಲ್ಲ. ಹೇಳದೆ ಮುಚ್ಚಿಟ್ಟೆ ಎಂದು ನನ್ನನ್ನು ನಿಲ್ಲಿಸಿಕೊಂಡು ಬೈದು, ದಿನಗಟ್ಟಲೆ ಮಾತು ಬಿಡುವಷ್ಟು ಹತ್ತಿರದವರು ಈ ಮಹಡಿಯಲ್ಲಿ ಒಬ್ಬರಾದರೂ ಇರಬೇಕಿತ್ತು. ಇಲ್ಲ.