ರೋಜಲೀನ್ ಬಾಯಿಯ ಪರ್ಮಿಟ್

ಬುಧಗಾಂವದ ಅಪ್ಪಣ್ಣ ಹನ್ನೊಂದು ವರ್ಷ ಜಕಾತಿ ನಾಕೆಯಲ್ಲಿ ಕೂತು, ಒಂದು ಸಂಸ್ಥಾನದಿಂದ ಇನ್ನೊಂದಕ್ಕೆ ಹೋಗುವ ಅರಿಷಿಣದ ಗಾಡಿಗಳಿಗೆ ಸುಂಕದ ರಸೀದಿ ಹರಿದುಕೊಟ್ಟವನು. ಭಾರತದಲ್ಲಿ ವಿಲೀನವಾದ ಮೇಲೆ ಸಂಸ್ಥಾನವೂ ಹೋಯಿತು, ನಾಕೆಯೂ ಹೋಯಿತು. ಅವನನ್ನು ಮಿರಜದ ಸರಕಾರಿ ಕಚೇರಿಗೆ ಹಚ್ಚಿದರು. ಸಾವಿರದೊಂಬೈನೂರ ಐವತ್ತೈದರಲ್ಲಿ ಭಾಷೆಯ ಮೇಲೆ ರಾಜ್ಯ ಒಡೆಯುವ ಮಾತೆದ್ದಾಗ, ಮೊದಲು ಸಂಸ್ಥಾನದಿಂದ ಬಂದ ನೌಕರರನ್ನೇ ಮನೆಗೆ ಕಳಿಸುತ್ತಾರೆಂಬ ಸುದ್ದಿ ಹಬ್ಬಿ, ಅವನಿಗೆ ಹಗಲೂ ರಾತ್ರಿ ನೌಕರಿಯದೇ ಚಿಂತೆಯಾಯಿತು.

ಅದೇ ಮಳೆಗಾಲ ಗೋವೆಯ ರೈಲು ನಿಂತಿತು. ಗೋವೆ ಇನ್ನೂ ಪೋರ್ತುಗೀಜರ ಕೈಯಲ್ಲಿತ್ತು; ಅವರೊಡನೆ ಜಗಳ ಬೆಳೆದು ಸರಕಾರ ಗಡಿ ಬಿಗಿ ಮಾಡಿತ್ತು. ಅಲ್ಲಿ ಹುಟ್ಟಿ, ಮಿರಜದಲ್ಲಿ ಹದಿನಾರು ವರ್ಷ ಹೆರಿಗೆ ಮಾಡಿಸಿದ ರೋಜಲೀನ್ ಬಾಯಿ ಒಮ್ಮೆಲೇ ಪರದೇಶದವಳಾದಳು. ಊರಲ್ಲಿ ತಾಯಿ ಹಾಸಿಗೆ ಹಿಡಿದಿದ್ದಳು. ಹೋಗಿ ಮರಳಿ ಬರಲು ಪರ್ಮಿಟ್ ಬೇಕು. ಬ್ಯಾಂಕಿನಲ್ಲಿ ತಾನೇ ಕೂಡಿಟ್ಟ ಹಣ ತೆಗೆಯಲೂ ಅದೇ ಕಾಗದ ಬೇಕು. ಅದಕ್ಕೆ, ಈಕೆ ನನಗೆ ಗೊತ್ತು ಎಂದು ಊರಿನ ನೌಕರದಾರನೊಬ್ಬ ಸಹಿ ಹಾಕಬೇಕು. ಅವಳು ನೆಟ್ಟಗೆ ಅಪ್ಪಣ್ಣನ ಮೇಜಿಗೆ ಬಂದಳು.

"ಅಪ್ಪಣ್ಣಾರ, ನಿಮ್ಮದೊಂದು ಸಹಿ ಆದ್ರ ಸಾಕ ನೋಡ್ರಿ."

ಒಳಗಿನಿಂದ ಬಂದ ಸಾಹೇಬರು, "ಈ ಬಾಯಿ ನಿಮ್ಮ ಪರಿಚಯದವರೇನು?" ಎಂದು ಮರಾಠಿಯಲ್ಲಿ ಕೇಳಿದರು.

ಅಪ್ಪಣ್ಣ ಎದ್ದು ನಿಂತ. "ನಾಹೀ ಸಾಹೇಬ," ಎಂದುಬಿಟ್ಟ.

ರೋಜಲೀನ್ ಬಾಯಿಗೆ ಮರಾಠಿ ಅವನಿಗಿಂತ ಚೆನ್ನಾಗಿ ಬರುತ್ತಿತ್ತು. ಕಾಗದ ಮಡಚಿ ಚೀಲಕ್ಕಿಟ್ಟುಕೊಂಡು ಹೊರಟುಹೋದಳು.

ಸುದ್ದಿ ಮನೆ ಮುಟ್ಟಿತು. ಹೆಂಡತಿ ನೀಲಾಬಾಯಿ ಊಟಕ್ಕೆ ತಾಟು ಇಡಲಿಲ್ಲ.

"ಛಾಯಾ ಹೊಟ್ಟ್ಯಾಗ ಅಡ್ಡ ನಿಂತಾಗ ಎರಡ ದಿನಾ ನನ್ನ ಕೈ ಬಿಡಲಿಲ್ಲ ಆಕಿ. ಅಂಥಾಕಿನ್ನ ಗೊತ್ತಿಲ್ಲ ಅಂದ್ರಿ?"

"ಪರದೇಶದಾಕಿ ಗುರುತು ಅಂತ ನೌಕರಿ ಹೋದ್ರ ಏನ್ ಮಾಡಲೇ?"

ಮಗಳು ಛಾಯಾ ಅಪ್ಪನ ಮುಖ ನೋಡುತ್ತ ಕೂತಿದ್ದಳು.

ಮೂರನೆಯ ದಿನ ಅವನು ರೋಜಲೀನ್ ಬಾಯಿಯ ಕೋಣೆಗೆ ಹೋದ. ಅವಳು ಟ್ರಂಕಿಗೆ ಹಗ್ಗ ಬಿಗಿಯುತ್ತಿದ್ದಳು. ಟಾಂಗಾ ಹೊಡೆಯುವ ದಾದಾಸಾಹೇಬ ಸಹಿ ಹಾಕಿದ್ದನಂತೆ. ನೌಕರದಾರನಲ್ಲದ ಅವನ ಸಹಿಗೆ ಹೋಗುವ ಪರ್ಮಿಟ್ ಮಾತ್ರ ಸಿಕ್ಕಿತ್ತು, ಬರುವುದು ಸಿಕ್ಕಿರಲಿಲ್ಲ.

"ನಾಳೆ ಸಾಹೇಬರ ಮುಂದ ಖರೇ ಹೇಳತೇನ್ರಿ," ಎಂದ.

"ನಾಳೆತನಾ ನಮ್ಮವ್ವ ತಡೀಬೇಕಲ್ರಿ. ಈ ಹಗ್ಗದ ತುದಿ ಹಿಡೀರಿ ಇಷ್ಟು."

ಅವನು ಹಿಡಿದ. ಅವಳು ಗಂಟು ಹಾಕಿದಳು. ಬಸ್ಸಿನಲ್ಲಿ ಗಡಿಯತನಕ ಹೋಗಿ, ಮುಂದೆ ನಡೆದು ದಾಟುವವಳಿದ್ದಳು.

ಮರುದಿನ ಅಪ್ಪಣ್ಣ ಎಲ್ಲವನ್ನೂ ಹೇಳಿದ. ಸಾಹೇಬರು ಪೆನ್ನು ಕೆಳಗಿಟ್ಟರು. "ಅಯ್ಯೋ, ಗುರುತಿನವರು ಯಾರಾದರೂ ಇದ್ದರೆ ಕೆಲಸ ಹಗುರಾಗುತ್ತದೆಂದೇ ಕೇಳಿದ್ದೆನಲ್ಲ!" ಎಂದರು.

ಅವನ ನೌಕರಿಯ ಮೇಲೆ ಯಾರ ಕಣ್ಣೂ ಇರಲಿಲ್ಲ. ರಾಜ್ಯ ಒಡೆದು ಕೂಡಿದಾಗಲೂ ಅದು ಹೋಗಲಿಲ್ಲ. ರೋಜಲೀನ್ ಬಾಯಿ ಮಾತ್ರ ತಿರುಗಿ ಬರಲಿಲ್ಲ. ಕಚೇರಿಗೆ ಹೋಗುವಾಗ ಅವಳ ಹಣ ಹಾಗೇ ಉಳಿದ ಬ್ಯಾಂಕಿನ ಬಾಗಿಲು ಎದುರಾಗುತ್ತದೆಂದು, ಅಪ್ಪಣ್ಣ ಪಿಂಚಣಿಯಾಗುವವರೆಗೂ ಹಿಂದಿನ ಓಣಿಯಿಂದಲೇ ಸುತ್ತಿ ಹೋದ.